ಬಚ್ಚಲುಮನೆಯ ಮೊದಲ ಪಾಠಗಳು

ಎರಡು ವರ್ಷದ ಮಗುವಿನ ದಿನದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸುತ್ತೇವೆ. ಯಾವ ಅಂಗಿ, ಎಷ್ಟು ಹೊತ್ತಿಗೆ ಸ್ನಾನ, ಯಾರ ಮನೆಗೆ ಹೋಗುವುದು, ಯಾವಾಗ ಮಲಗುವುದು, ಒಂದೂ ಅದರ ಕೈಯಲ್ಲಿಲ್ಲ. ಎರಡೇ ಎರಡು ಕಡೆ ಮಾತ್ರ ನಮ್ಮ ಅಧಿಕಾರ ನಡೆಯುವುದಿಲ್ಲ. ಬಾಯಿಗಿಟ್ಟ ತುತ್ತನ್ನು ನುಂಗುವುದು, ಉಗಿಯುವುದು ಅದರ ಇಷ್ಟ. ಹೊಟ್ಟೆಯಲ್ಲಿದ್ದದ್ದನ್ನು ಬಿಡುವುದು, ತಡೆಹಿಡಿಯುವುದು ಕೂಡ ಅದರ ಇಷ್ಟವೇ. ಶೌಚದ ಅಭ್ಯಾಸ ಮಾಡಿಸುವಾಗ ಮನೆಮನೆಯಲ್ಲೂ ಆಗುವ ರಂಪಕ್ಕೆಲ್ಲ ಮೂಲ ಇಲ್ಲಿದೆ. ಮಗುವಿನ ಸ್ವಂತ ಆಸ್ತಿಯ ಮೇಲೆ ನಾವು ಹಕ್ಕು ಚಲಾಯಿಸಲು ಹೋಗುತ್ತೇವೆ.

ಹೀಗಿರುವಾಗ ಶೌಚವನ್ನೂ ಕೈ ತೊಳೆಯುವುದನ್ನೂ ಮಕ್ಕಳಿಗೆ ಆಟವಾಗಿಸಬೇಕು ಎನ್ನುವುದು ಬರಿಯ ಮುದ್ದಿನ ಮಾತಲ್ಲ. ಬೇರೆ ದಾರಿಯೇ ಇಲ್ಲ. ಆದರೆ ಆಟವೆಂದರೆ ಯಾವುದು? ಹಾಡು ಹೇಳುವ ಪಾಟಿ ಕುರ್ಚಿ, ಕಾರ್ಟೂನ್ ಅಂಟಿಸಿದ ಸೀಟು, ಬಣ್ಣದ ನೊರೆ ಬರುವ ಬಾಟಲಿ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಮಗು ಅವುಗಳ ಜೊತೆ ಎರಡು ದಿನ ಆಡಿ ಬಿಟ್ಟುಬಿಡುತ್ತದೆ. ಉಳಿಯುವ ಆಟ ಬೇರೆ ರೀತಿಯದು. ಅದರಲ್ಲಿ ಏನೋ ಒಂದು ಕೆಲಸ ಮಗುವಿನ ಕೈಯಲ್ಲಿರುತ್ತದೆ, ಮಾಡಿದ ಕೂಡಲೇ ಏನೋ ಒಂದು ಆಗುತ್ತದೆ, ಪಕ್ಕದಲ್ಲಿ ಆತುರವಿಲ್ಲದ ದೊಡ್ಡವರೊಬ್ಬರು ಇರುತ್ತಾರೆ. ಜಗತ್ತಿನ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೆದ್ದದ್ದು ಈ ಬಗೆಯ ಆಟವೇ.

ಹಳೆಯ ಪದ್ಧತಿಯಿಂದ ಶುರುಮಾಡೋಣ. ನಮ್ಮ ಕಡೆಯ ಅಜ್ಜಿಯರು ಬಚ್ಚಲಲ್ಲೋ ಹಿತ್ತಿಲಲ್ಲೋ ಮಣೆ ಹಾಕಿ ಕೂರುತ್ತಿದ್ದರು. ಕಾಲು ಮುಂದಕ್ಕೆ ಚಾಚಿ, ಎರಡು ಪಾದಗಳ ನಡುವೆ ಸ್ವಲ್ಪ ಸಂದು ಬಿಟ್ಟು, ಕೂಸನ್ನು ತಮ್ಮ ಮುಖಕ್ಕೆ ಎದುರಾಗಿ ಅದರ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಕೂಸಿನ ಎರಡೂ ಕೈ ಅವರ ಕೈಯಲ್ಲಿ. ಬಾಯಲ್ಲಿ ಸಣ್ಣಗೆ ‘ಸ್ಸ್‌ಸ್ಸ್’ ಎನ್ನುವ ಸದ್ದು. ಕೂಸಿಗೆ ತಣ್ಣನೆಯ ಪ್ಲಾಸ್ಟಿಕ್ಕಿನ ಬದಲು ಬೆಚ್ಚಗಿನ ಕಾಲು, ಎದುರಿಗೆ ಪರಿಚಿತ ಮುಖ, ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತದ್ದರಿಂದ ಹೊಟ್ಟೆಗೆ ಬೇಕಾದ ಒತ್ತು. ಇಂದಿನ ವೈದ್ಯರು ಶೌಚಕ್ಕೆ ಒಳ್ಳೆಯದೆಂದು ಹೇಳುವ ಭಂಗಿಯೂ ಇದೇ. ಕೀನ್ಯಾದ ಕರಾವಳಿಯ ಡಿಗೊ ಜನರಲ್ಲೂ ಇಂಥದೇ ರೂಢಿ ಇರುವುದನ್ನು ಮಾರ್ಟನ್ ಮತ್ತು ರೇಚಲ್ ಡಿವ್ರೀಸ್ 1977ರಲ್ಲಿ ಬರೆದರು. ಅಲ್ಲಿನ ತಾಯಂದಿರು ಹುಟ್ಟಿದ ಕೆಲವೇ ವಾರಗಳಿಂದ ಮಗುವನ್ನು ಕಾಲ ಮೇಲೆ ಕೂರಿಸಿ ಸದ್ದು ಮಾಡುತ್ತಿದ್ದರು. ಐದಾರು ತಿಂಗಳು ತುಂಬುವ ಹೊತ್ತಿಗೆ ಅವರ ಮಕ್ಕಳು ಹಗಲೂ ರಾತ್ರಿಯೂ ಬಟ್ಟೆ ಒದ್ದೆ ಮಾಡುತ್ತಿರಲಿಲ್ಲ.

ಅಮೆರಿಕದ ಕಥೆ ಇದಕ್ಕೆ ತದ್ವಿರುದ್ಧವಾಗಿ ಸಾಗಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಸರ್ಕಾರವೇ ಹಂಚುತ್ತಿದ್ದ ಶಿಶುಪಾಲನೆಯ ಕೈಪಿಡಿ, ಹಾಲು ಕುಡಿಯುವ ಕೂಸನ್ನೂ ಗಡಿಯಾರ ನೋಡಿಕೊಂಡು ಕೂರಿಸಿ ಎಂದು ತಾಯಂದಿರಿಗೆ ಹೇಳುತ್ತಿತ್ತು. ಇದಕ್ಕೆ ಪ್ರತಿಯಾಗಿ ಟಿ. ಬೆರ್ರಿ ಬ್ರೇಜಲ್ಟನ್ ಎಂಬ ಮಕ್ಕಳ ವೈದ್ಯರು 1962ರಲ್ಲಿ ಒಂದು ಲೇಖನ ಪ್ರಕಟಿಸಿದರು. ತಮ್ಮ ಬಳಿ ಬಂದ 1,170 ಮಕ್ಕಳನ್ನು ಆಧಾರವಾಗಿಟ್ಟುಕೊಂಡು ಅವರು ಹೇಳಿದ್ದು ಇಷ್ಟು: ಮಗು ತಯಾರಾಗುವವರೆಗೆ ಕಾಯಿರಿ, ಅದು ತೋರಿಸುವ ಸುಳಿವನ್ನು ಅನುಸರಿಸಿ. ಆ ಮಕ್ಕಳು ಸರಾಸರಿ ಇಪ್ಪತ್ತೆಂಟೂವರೆ ತಿಂಗಳಿಗೆ ಹಗಲಿನ ಅಭ್ಯಾಸ ಮುಗಿಸಿದ್ದರು. ಅದಕ್ಕೊಂದು ವರ್ಷ ಮುಂಚೆ, 1961ರಲ್ಲಿ, ಪ್ಯಾಂಪರ್ಸ್ ಡೈಪರ್ ಮಾರುಕಟ್ಟೆಗೆ ಬಂದಿತ್ತು. ಕಾಯಿರಿ ಎನ್ನುವ ಸಲಹೆ, ಕಾಯುವುದನ್ನು ಸುಲಭವಾಗಿಸಿದ ಸರಕು, ಎರಡೂ ಒಂದೇ ಕಾಲಕ್ಕೆ ಒದಗಿದವು.

ಆಮೇಲೆ ಬಂದವರು ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್. ಬುದ್ಧಿಮಾಂದ್ಯರ ಆಶ್ರಮಗಳಲ್ಲಿದ್ದ ದೊಡ್ಡವರಿಗಾಗಿ ಮೊದಲು ರೂಪಿಸಿದ ಕ್ರಮವನ್ನು ಅವರು ಪುಟ್ಟ ಮಕ್ಕಳಿಗೆ ಹೊಂದಿಸಿದರು. 1973ರ ಅವರ ಅಧ್ಯಯನದಲ್ಲಿ 34 ಮಕ್ಕಳು ಸರಾಸರಿ ನಾಲ್ಕು ಗಂಟೆಯೊಳಗೆ ಕಲಿತರು. ಮರುವರ್ಷ ಬಂದ, ಒಂದು ದಿನಕ್ಕಿಂತ ಕಡಿಮೆ ಸಮಯದಲ್ಲಿ ಕಲಿಸುವ ಭರವಸೆ ಕೊಟ್ಟ ಅವರ ಪುಸ್ತಕ ಬಹಳ ಮಾರಾಟವಾಯಿತು. ಅದರಲ್ಲಿ ನನಗೆ ಹಿಡಿಸಿದ್ದು ಉಚ್ಚೆ ಹೊಯ್ಯುವ ಗೊಂಬೆ. ಮಗುವೇ ಗೊಂಬೆಗೆ ನೀರು ಕುಡಿಸುತ್ತದೆ, ಚಡ್ಡಿ ಇಳಿಸುತ್ತದೆ, ಪಾಟಿಯ ಮೇಲೆ ಕೂರಿಸುತ್ತದೆ, ಜಾಣೆ ಎಂದು ಹೊಗಳುತ್ತದೆ. ಹಿಡಿಸದೇ ಇರುವುದು ಚಡ್ಡಿ ಒದ್ದೆಯಾದಾಗಿನ ಕ್ರಮ: ಮಗುವನ್ನು ಮನೆಯ ಬೇರೆ ಬೇರೆ ಜಾಗದಿಂದ ಪಾಟಿಯವರೆಗೆ ಮತ್ತೆ ಮತ್ತೆ ಓಡಿಸುವುದು. ಗೊಂಬೆಗೆ ಕಲಿಸುವಾಗ ಮಗು ಗುರು. ಓಡಿಸುವಾಗ ಅದೇ ಮಗು ಅಪರಾಧಿ.

ಬೇಗ ಶುರುಮಾಡಿದರೆ ಬೇಗ ಮುಗಿಯುತ್ತದೆಯೇ? 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ಇಪ್ಪತ್ತೇಳು ತಿಂಗಳಿಗೆ ಮುಂಚೆ ತೀವ್ರವಾದ ತರಬೇತಿ ಶುರುಮಾಡಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಬರಿಯ ದಿನಗಳು ಉದ್ದವಾದವು ಎಂದು ಕಂಡುಕೊಂಡಿತು. ಡಿಗೊ ತಾಯಂದಿರ ಅನುಭವಕ್ಕೆ ಇದು ವಿರುದ್ಧವೆಂದು ತೋರಬಹುದು. ನನಗೆ ಹಾಗನ್ನಿಸುವುದಿಲ್ಲ. ಮಗು ದಿನವಿಡೀ ಮೈಗಂಟಿಕೊಂಡೇ ಇರುವ ಮನೆಯಲ್ಲಿ, ಅದರ ಹೊಟ್ಟೆಯ ಸಣ್ಣ ಬಿಗಿತವೂ ಹೊತ್ತವರಿಗೆ ಗೊತ್ತಾಗುತ್ತದೆ. ಅಲ್ಲಿ ಕೂಸನ್ನು ಕಾಲ ಮೇಲೆ ಕೂರಿಸಿಕೊಳ್ಳುವುದು ನಡೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಡುವ ಮನೆಗೆ ಅದೇ ಕ್ರಮವನ್ನು ಹೇರಿದರೆ ತಾಯಿಗೂ ಮಗುವಿಗೂ ಕಣ್ಣೀರೇ ಗತಿ. ಅಂಥ ಮನೆಯವರು ಸುಳಿವುಗಳನ್ನು ಕಾಯುವುದು ಸರಿ: ಎರಡು ಗಂಟೆ ಚಡ್ಡಿ ಒಣಗಿಯೇ ಇರುವುದು, ಎರಡು ಹಂತದ ಮಾತು ಅರ್ಥವಾಗುವುದು, ಚಡ್ಡಿ ತಾನೇ ಎಳೆದು ಇಳಿಸಲು ನೋಡುವುದು, ಆದ ಮೇಲಾದರೂ ಬಂದು ಹೇಳುವುದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ವರ್ಷದ ನಡುವೆ ಇವು ಕಾಣಿಸುತ್ತವೆ. ಪ್ಲೇಹೋಮಿಗೆ ಸೇರಿಸುವ ದಿನಾಂಕ ಇವುಗಳ ಪಟ್ಟಿಯಲ್ಲಿಲ್ಲ. ದುರದೃಷ್ಟಕ್ಕೆ ನಮ್ಮ ಪೇಟೆಗಳಲ್ಲಿ ತರಬೇತಿ ಶುರುವಾಗುವುದು ಹೆಚ್ಚಾಗಿ ಆ ದಿನಾಂಕ ನೋಡಿಕೊಂಡೇ.

ಆತುರ ಮಾಡಿದರೆ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಹಳ ಮನೆಗಳಲ್ಲಿ ಇದು ತಪ್ಪಾಗಿ ಅರ್ಥವಾಗುತ್ತದೆ. ಒಂದು ಸಲ ಗಟ್ಟಿಯಾಗಿ ಹೋಗಿ ನೋವಾದ ಮಗು, ಮುಂದಿನ ಸಲ ಒತ್ತಡ ಬಂದಾಗ ತಡೆಹಿಡಿಯುತ್ತದೆ. ಬಾಗಿಲ ಮರೆಗೋ ಸೋಫಾದ ಹಿಂದಕ್ಕೋ ಹೋಗಿ, ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಪಾಪ ಮಗು ತಿಣುಕುತ್ತಿದೆ ಎಂದುಕೊಳ್ಳುತ್ತಾರೆ ಮನೆಯವರು. ಅದು ಬಿಡಲು ತಿಣುಕುತ್ತಿಲ್ಲ, ಒಳಗೇ ಇಟ್ಟುಕೊಳ್ಳಲು ಹೆಣಗುತ್ತಿದೆ. ಒಳಗೇ ಉಳಿದದ್ದು ನೀರಿನಂಶ ಕಳೆದುಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ಇನ್ನಷ್ಟು ನೋವು, ಇನ್ನಷ್ಟು ಭಯ. ಕೊನೆಗೆ ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗಿನದು ಚಡ್ಡಿಗೆ ಸೋರಲು ತೊಡಗುತ್ತದೆ. ಇಷ್ಟು ದೊಡ್ಡವನಾಗಿ ಚಡ್ಡಿಯಲ್ಲೇ ಮಾಡಿಕೊಳ್ಳುತ್ತೀಯಲ್ಲ ಎಂದು ಬೈಗುಳ ಬೀಳುವುದು ಆಗಲೇ. ಬೈಗುಳಕ್ಕೆ ಬಿಗಿತ ಹೆಚ್ಚುತ್ತದೆ. ಈ ಹಂತದಲ್ಲಿ ಪಾಟಿ ಕುರ್ಚಿಯನ್ನು ಒಂದಷ್ಟು ದಿನ ಮೂಲೆಗಿಟ್ಟು ಮಕ್ಕಳ ವೈದ್ಯರ ಹತ್ತಿರ ಹೋಗಿ ಮೊದಲು ಮಲಬದ್ಧತೆಗೆ ಚಿಕಿತ್ಸೆ ಮಾಡಿಸಬೇಕು. ನೋವು ಇರುವಲ್ಲಿ ಯಾವ ಆಟವೂ ನಡೆಯುವುದಿಲ್ಲ.

ನೋವಿಲ್ಲದ ಮಗುವಿಗೂ ಸಣ್ಣಪುಟ್ಟ ಭಯಗಳಿರುತ್ತವೆ. ಕಮೋಡಿನ ಮೇಲೆ ಕೂತರೆ ಕಾಲು ನೇತಾಡುತ್ತದೆ, ಒಳಗೆ ಬಿದ್ದುಹೋಗುತ್ತೇನೆ ಎನ್ನಿಸುತ್ತದೆ. ನೆಲಮಟ್ಟದ ಶೌಚಾಲಯದಲ್ಲಿ ಕತ್ತಲೆಯ ಗುಂಡಿ, ದೊಡ್ಡವರ ಪಾದಕ್ಕೆ ಅಳತೆ ಮಾಡಿದ ಮೆಟ್ಟು, ಅದರ ಮೇಲೆ ಕಾಲು ಅಗಲಿಸಲು ಆಗದ ಪುಟ್ಟ ತೊಡೆ. ಫ್ಲಶ್ಶಿನ ಸದ್ದಿಗೆ ಬೆಚ್ಚಿಬೀಳುವ ಮಕ್ಕಳೂ ಇದ್ದಾರೆ. ಕಾಲ ಕೆಳಗೆ ಒಂದು ಮಣೆ ಇಟ್ಟರೆ ಮೊದಲ ಭಯ ಅರ್ಧ ಕಡಿಮೆಯಾಗುತ್ತದೆ. ಫ್ಲಶ್ ಒತ್ತುವ ಅಧಿಕಾರ ಮಗುವಿಗೇ ಕೊಟ್ಟರೆ, ಅಥವಾ ಚೊಂಬಿನಿಂದ ನೀರು ಸುರಿಯುವ ಕೆಲಸ ಅದಕ್ಕೇ ವಹಿಸಿದರೆ, ಹೆದರಿಸುತ್ತಿದ್ದ ಸದ್ದು ತಾನು ಮಾಡಿದ ಸದ್ದಾಗುತ್ತದೆ. ಹೋದದ್ದಕ್ಕೆ ಟಾಟಾ ಹೇಳಲು ಬಹಳ ಮಕ್ಕಳಿಗೆ ಇಷ್ಟ. ಎರಡು ಚಡ್ಡಿ ತೋರಿಸಿ ಯಾವುದು ಬೇಕೆಂದು ಕೇಳಿದರೂ ಆಯ್ಕೆ ಅದರದಾಯಿತು. ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ ಕರುಳು ತಾನಾಗಿಯೇ ಚುರುಕಾಗುತ್ತದೆ, ಕೂರಿಸಲು ಅದೇ ಒಳ್ಳೆಯ ಹೊತ್ತು. ಮೂರರಿಂದ ಐದು ನಿಮಿಷ ಸಾಕು. ಮೊಬೈಲ್ ಕೈಗೆ ಕೊಟ್ಟು ಅರ್ಧ ಗಂಟೆ ಕೂರಿಸಿದರೆ ಮಗು ವಿಡಿಯೋ ನೋಡುವುದನ್ನು ಕಲಿಯುತ್ತದೆ, ಹೊಟ್ಟೆಯ ಕರೆ ಕೇಳಿಸಿಕೊಳ್ಳುವುದನ್ನು ಕಲಿಯುವುದಿಲ್ಲ. ರಾತ್ರಿಯದು ಬೇರೆಯೇ ವಿಷಯ, ಅದು ಮೈ ಬೆಳೆದಂತೆ ಬರುವಂಥದು. ಐದು ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು ಹದಿನೈದು ಮಂದಿ ಹಾಸಿಗೆ ಒದ್ದೆ ಮಾಡುತ್ತಾರೆ, ಅದರಲ್ಲಿ ಯಾರ ತಪ್ಪೂ ಇಲ್ಲ.

ಜಪಾನಿನ ತಾರೊ ಗೋಮಿ 1977ರಲ್ಲಿ ‘ಮಿನ್ನ ಉಂಚಿ’ ಎಂಬ ಚಿತ್ರಪುಸ್ತಕ ಮಾಡಿದರು. ಪ್ರಾಣಿಗಳೆಲ್ಲ ಮಾಡುವುದನ್ನು ನಾವೂ ಮಾಡುತ್ತೇವೆ ಎನ್ನುವುದಷ್ಟೇ ಅದರ ವಿಷಯ. ಹಲವು ಭಾಷೆಗಳ ಮಕ್ಕಳು ಅದನ್ನು ನೋಡಿ ನಕ್ಕಿದ್ದಾರೆ. ನಮ್ಮ ಹಳ್ಳಿಯ ಮಗುವಿಗೆ ಆ ಪುಸ್ತಕ ಅಂಗಳದಲ್ಲೇ ತೆರೆದುಕೊಂಡಿದೆ. ಹಸುವಿನ ಸಗಣಿ, ಆಡಿನ ಹಿಕ್ಕೆ, ಕೋಳಿಯದು, ಗೋಡೆಯ ಮೇಲಿನ ಹಲ್ಲಿಯದು. ‘ಇದು ಯಾರದು ಹೇಳು’ ಎಂದು ಕೇಳುತ್ತಾ ಹಿತ್ತಿಲು ಸುತ್ತಿಸಿದರೆ ಅದೇ ಒಂದು ಆಟ, ಮಾತಿಗೂ ಅಭ್ಯಾಸ.

ಬಹುಮಾನದ ಬಗ್ಗೆ ಎಚ್ಚರ ಬೇಕು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು. ಕೆಲವು ದಿನಗಳ ನಂತರ ನೋಡಿದರೆ, ಪ್ರಶಸ್ತಿಯ ಆಸೆಗೆ ಬರೆದ ಆ ಮಕ್ಕಳು ತಾವಾಗಿ ಬರೆಯುವುದು ಉಳಿದವರಿಗಿಂತ ಬಹಳ ಕಡಿಮೆಯಾಗಿತ್ತು. ಶೌಚಕ್ಕೆ ಚಾಕೊಲೇಟ್ ಕೊಡುವ ಮನೆಯವರಿಗೆ ಇನ್ನೊಂದು ಅನುಭವವೂ ಇರುತ್ತದೆ: ಮಗು ಐದು ನಿಮಿಷಕ್ಕೊಮ್ಮೆ ಹೋಗಿ ಎರಡೆರಡು ಹನಿ ಹೊಯ್ದು ಬಂದು ಕೈ ಚಾಚುತ್ತದೆ. ಒಂದು ಸ್ಟಿಕ್ಕರಿನಿಂದ ಲೋಕ ಮುಳುಗುವುದಿಲ್ಲ. ಕೊಡುವುದಾದರೆ ಹೋಗಿ ಕೂತದ್ದಕ್ಕೆ ಕೊಡಿ, ಬಂದದ್ದಕ್ಕೆ ಬೇಡ. ಹೊಟ್ಟೆಯ ಕರೆ ಯಾವಾಗ ಬರುತ್ತದೆ ಎನ್ನುವುದು ಅದರ ಕೈಯಲ್ಲಿಲ್ಲ.

ಇನ್ನು ಕೈ ತೊಳೆಯುವ ವಿಷಯ. ಇದರ ಪ್ರಯೋಜನಕ್ಕೆ ಗಟ್ಟಿ ಸಾಕ್ಷ್ಯಗಳಿವೆ. ಸ್ಟೀಫನ್ ಲೂಬಿ ಮತ್ತು ಸಂಗಡಿಗರು ಕರಾಚಿಯ ಬಡಾವಣೆಗಳಲ್ಲಿ ಮನೆಮನೆಗೆ ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದರು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ ಆ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಹದಿನೈದರೊಳಗಿನ ಮಕ್ಕಳಲ್ಲಿ ಭೇದಿ ಅರ್ಧಕ್ಕಿಂತ ತುಸು ಹೆಚ್ಚೇ ಕಡಿಮೆಯಾಗಿತ್ತು. ಹೀಗಿದ್ದರೂ, ಕಾಯಿಲೆ ಬರುತ್ತದೆ ಎಂದು ಹೆದರಿಸಿದರೆ ಜನ ಕೈ ತೊಳೆಯುವುದಿಲ್ಲ, ಇದು ಇಷ್ಟು ವರ್ಷಗಳ ಪ್ರಚಾರ ಕಲಿಸಿದ ಪಾಠ.

ಕೋಲಾರದ ಗಡಿಗೆ ತಾಗಿದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ನಡೆದ ‘ಸೂಪರ್‌ಅಮ್ಮ’ ಪ್ರಯೋಗ ಈ ಪಾಠದಿಂದಲೇ ಹುಟ್ಟಿತು. ಹದಿನಾಲ್ಕು ಹಳ್ಳಿಗಳು, ಏಳರಲ್ಲಿ ಪ್ರಚಾರ, ಏಳರಲ್ಲಿ ಇಲ್ಲ. ರೋಗಾಣುವಿನ ಉಪದೇಶ ಇರಲಿಲ್ಲ. ಮಗನನ್ನು ಒಳ್ಳೆಯ ನಡತೆ ಕಲಿಸಿ ಬೆಳೆಸುವ ತಾಯಿಯ ಕಥೆ, ಕೊಳಕು ಕೈಯಲ್ಲಿ ಲಡ್ಡು ಕಟ್ಟುವ ಲಡ್ಡು ಲಿಂಗಂ ಎಂಬ ಹಾಸ್ಯದ ಪಾತ್ರ, ಬೀದಿ ನಾಟಕ, ಎಲ್ಲರ ಮುಂದೆ ಮಾಡುವ ಪ್ರತಿಜ್ಞೆ. ಆರು ತಿಂಗಳ ನಂತರ ಪ್ರಚಾರ ನಡೆದ ಹಳ್ಳಿಗಳಲ್ಲಿ ಸೋಪು ಹಾಕಿ ಕೈ ತೊಳೆಯಬೇಕಾದ ಸಂದರ್ಭಗಳಲ್ಲಿ ನೂರಕ್ಕೆ 37ರಷ್ಟು ಸಲ ತೊಳೆದದ್ದು ಕಂಡಿತು. ಉಳಿದ ಹಳ್ಳಿಗಳಲ್ಲಿ ಅದು 6 ಮಾತ್ರ. ಲಂಡನ್ನಿನ ನೈರ್ಮಲ್ಯ ವಿದ್ಯಾಸಂಸ್ಥೆಯ ಸಂಶೋಧಕರೂ ಸೇರಿದ್ದ ಈ ತಂಡದ ವರದಿ 2014ರಲ್ಲಿ ಪ್ರಕಟವಾಯಿತು.

ಲಡ್ಡು ಲಿಂಗಂ ದೊಡ್ಡವರಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಹುಟ್ಟಿಸಿದ್ದು ಹೇಸಿಗೆ. ಅದನ್ನೇ ಎರಡು ವರ್ಷದ ಮಗುವಿಗೆ ಬಳಸಬಹುದೇ ಎನ್ನುವುದನ್ನು ಯೋಚಿಸಬೇಕು. ಪಾಲ್ ರೋಝಿನ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ಒಂದು ಪ್ರಯೋಗ ಮಾಡಿದರು. ಕಡಲೆಕಾಯಿ ಬೆಣ್ಣೆಗೆ ವಾಸನೆಯ ಚೀಸ್ ಕಲಸಿ ನಾಯಿಯ ಹೇಲಿನ ಹಾಗೆ ಕಾಣುವಂತೆ ಮಾಡಿ ಮುಂದಿಟ್ಟರೆ, ಎರಡೂವರೆ ವರ್ಷದೊಳಗಿನ ಹೆಚ್ಚಿನ ಮಕ್ಕಳು ಬಾಯಿಗಿಟ್ಟುಕೊಂಡರು. ಹೇಸಿಗೆ ನಾವು ಕಲಿಸಿದ ಮೇಲೆ ಬರುವಂಥದು. ಆ ವಯಸ್ಸಿಗೆ ಮಲವೆಂದರೆ ತನ್ನಿಂದ ಬಂದ ಒಂದು ವಸ್ತು. ಡೈಪರ್ ಬಿಚ್ಚುವಾಗ ನಾವು ಮೂಗು ಮುಚ್ಚಿ ‘ಛೀ’ ಎಂದರೆ ಅದು ತನಗೇ ಹೇಳಿದ್ದು ಎಂದು ಮಗು ತಿಳಿಯುತ್ತದೆ, ಅಡಗಿ ಮಾಡಲು ಶುರುಮಾಡುತ್ತದೆ. ಹಾಗಾಗಿ ಮೂರರ ಕೆಳಗಿನವರಿಗೆ ಶೌಚದಲ್ಲಿ ಹೇಸಿಗೆ ಬೇಡ, ಕೈ ತೊಳೆಯುವುದರಲ್ಲೂ ಬೇಡ. ಅವರಿಗೆ ನೀರಿದೆ, ನೊರೆಯಿದೆ. ಅಷ್ಟು ಸಾಕು.

ನೊರೆಯ ಸುಖವನ್ನು ಕಣ್ಣಿಗೆ ತೋರಿಸುವ ಒಂದು ಆಟ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಬೇಕು. ಬರಿಬೆರಳು ಅದ್ದಿದರೆ ಪುಡಿ ಬೆರಳಿಗೆ ಅಂಟುತ್ತದೆ. ಬೆರಳ ತುದಿಗೆ ಸೋಪು ಹಚ್ಚಿ ನಡುವೆ ಮುಟ್ಟಿಸಿದರೆ ಪುಡಿಯೆಲ್ಲ ತಟಕ್ಕನೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈಯ ಎಳೆತವನ್ನು ಸೋಪು ಸಡಿಲಿಸುವುದರಿಂದ ಹೀಗಾಗುತ್ತದೆ. ಕೈ ಮೇಲಿನ ರೋಗಾಣುಗಳು ಹೀಗೆಯೇ ಓಡಿಹೋಗುತ್ತವೆಂದು ಹೇಳುವುದು ವಿಜ್ಞಾನಕ್ಕೆ ಸರಿಹೊಂದದು. ಸೋಪು ಕೊಬ್ಬನ್ನೂ ಕೊಳೆಯನ್ನೂ ಸಡಿಲಿಸುತ್ತದೆ, ಉಜ್ಜಿ ನೀರು ಬಿಟ್ಟಾಗಲೇ ಅವು ಹೋಗುವುದು. ಆದರೂ ಬರಿ ನೀರಿನಿಂದ ಆಗದ್ದು ಸೋಪಿನಿಂದ ಆಯಿತು ಎನ್ನುವುದು ಮಗುವಿನ ಕಣ್ಣಲ್ಲಿ ಉಳಿಯುತ್ತದೆ. ನಾಲ್ಕು ವರ್ಷದವರು ‘ಇನ್ನೊಂದ್ಸಲ’ ಎಂದು ಹತ್ತು ಸಲ ಮಾಡಿಸುತ್ತಾರೆ. ಉಜ್ಜುವ ಇಪ್ಪತ್ತು ಸೆಕೆಂಡಿಗೆ ಗೊತ್ತಿರುವ ಯಾವ ಶಿಶುಗೀತೆಯಾದರೂ ಆದೀತು. ಅಂಗೈಗೆ ಉಗುರು ಕೆರೆಯುವಾಗ ಹುಲಿಯ ಪಂಜ ಆಡಿಸಿದರೆ, ದೊಡ್ಡವರೂ ಮರೆಯುವ ಉಗುರಿನ ಸಂದು ಮೊದಲು ಸ್ವಚ್ಛವಾಗುತ್ತದೆ.

ನಮ್ಮವರ ರೂಢಿಯಲ್ಲಿ ಒಂದು ಹಿಂದುಮುಂದು ಇದೆ. ಊಟಕ್ಕೆ ಮುಂಚೆ ಕೈಗೆ ಬರಿ ನೀರು ಸೋಕಿಸುತ್ತೇವೆ, ಊಟವಾದ ಮೇಲೆ ಜಿಡ್ಡು ಹೋಗಲಿ, ಸಾರಿನ ವಾಸನೆ ಹೋಗಲಿ ಎಂದು ಸೋಪು ಹಾಕುತ್ತೇವೆ. ಮಕ್ಕಳು ನೋಡಿ ಕಲಿಯುವುದು ಇದನ್ನೇ. ಇನ್ನೊಂದು ನಂಬಿಕೆಯೂ ಉಂಟು, ಹಾಲು ಕುಡಿಯುವ ಕೂಸಿನದು ಹೊಲಸಲ್ಲ ಎಂದು. ಅದರಲ್ಲೂ ರೋಗಾಣುಗಳಿರುತ್ತವೆ. ಕೂಸಿನ ಅಂಡು ತೊಳೆದವರು ಸೋಪು ಹಾಕಿ ಕೈ ತೊಳೆಯಬೇಕು, ಬಟ್ಟೆಯಲ್ಲಿದ್ದದ್ದು ಶೌಚಾಲಯಕ್ಕೆ ಹೋಗಬೇಕು.

ಉಪದೇಶವೇ ಇಲ್ಲದೆ ಅಭ್ಯಾಸ ಹುಟ್ಟಿಸಬಹುದು ಎನ್ನುವುದಕ್ಕೆ ಬಾಂಗ್ಲಾದೇಶದ ಎರಡು ಪ್ರಾಥಮಿಕ ಶಾಲೆಗಳ ಪ್ರಯೋಗ ನನಗೆ ಬಹಳ ಪ್ರಿಯವಾದ ಉದಾಹರಣೆ. ಶೌಚಾಲಯದಿಂದ ನಲ್ಲಿಯವರೆಗೆ ಬಣ್ಣದ ದಾರಿ ಬಳಿದು, ದಾರಿಯ ಮೇಲೆ ಹೆಜ್ಜೆಗುರುತು, ನಲ್ಲಿಯ ಬಳಿ ಕೈಗುರುತು ಬರೆದರು. ಯಾರೂ ಏನೂ ಹೇಳಲಿಲ್ಲ. ಶೌಚದ ನಂತರ ಸೋಪಿನಿಂದ ಕೈ ತೊಳೆಯುವವರು ನೂರಕ್ಕೆ 4 ಇದ್ದದ್ದು ಆರು ವಾರಗಳ ನಂತರ 74 ಆಗಿತ್ತು. ಹೆಜ್ಜೆ ಕಂಡರೆ ಅದರ ಮೇಲೆ ಕಾಲಿಡದೆ ಇರಲು ಮಕ್ಕಳಿಗೆ ಆಗುವುದಿಲ್ಲ. ಬಣ್ಣ, ಬ್ರಷ್, ಒಂದು ಮಧ್ಯಾಹ್ನ ಇದ್ದರೆ ಕರ್ನಾಟಕದ ಯಾವ ಶಾಲೆಯಾದರೂ ಇದನ್ನು ಮಾಡಬಹುದು. ಸೋಪಿನೊಳಗೆ ಆಟಿಕೆ ಹುದುಗಿಸಿದ ಪ್ರಯೋಗದ್ದು ಬೇರೆ ಕಥೆ. ಇರಾಕಿನ ನಿರಾಶ್ರಿತರ ಶಿಬಿರದಲ್ಲಿ ಅದು ಚೆನ್ನಾಗಿ ಫಲ ಕೊಟ್ಟಿತು. ಸೊಮಾಲಿಯಾದಲ್ಲಿ ದೊಡ್ಡದಾಗಿ ಪರೀಕ್ಷಿಸಿದಾಗ ಸಾದಾ ಸೋಪು ಪಡೆದ ಮನೆಗಳ ಮಕ್ಕಳೂ ಅಷ್ಟೇ ಚೆನ್ನಾಗಿ ಕೈ ತೊಳೆಯತೊಡಗಿದ್ದರು. ಮನೆಯಲ್ಲಿ ಸೋಪು ಇರುವುದೇ ದೊಡ್ಡ ಸಂಗತಿಯಾಗಿರುವಲ್ಲಿ ಒಳಗಿನ ಆಟಿಕೆ ಹೆಚ್ಚೇನನ್ನೂ ಸೇರಿಸಲಿಲ್ಲ.

ಈ ಮಾತು ನಮ್ಮನ್ನು ಅಂಗನವಾಡಿಗೆ ತಂದು ನಿಲ್ಲಿಸುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅರ್ಧ ಶತಮಾನದಿಂದ ಮೂರರಿಂದ ಆರು ವರ್ಷದ ಬಹಳಷ್ಟು ಮಕ್ಕಳು ಮನೆಯ ಹೊರಗೆ ಮೊದಲ ಸಲ ಚಡ್ಡಿ ಬಿಚ್ಚುವುದೂ ಕೈ ತೊಳೆಯುವುದೂ ಈ ಕೇಂದ್ರಗಳಲ್ಲೇ. ಮಂಡ್ಯ ಕಡೆಯ ಒಂದು ಅಂಗನವಾಡಿಯಲ್ಲಿ ಊಟದ ಹೊತ್ತಿಗೆ ನಾನು ಕಂಡದ್ದು ಹೀಗೆ. ನಲ್ಲಿ ಎತ್ತರದಲ್ಲಿತ್ತು. ಟೀಚರಮ್ಮ ಒಂದು ಬಕೆಟ್ ತುಂಬಿಸಿ ಮೆಟ್ಟಿಲ ಮೇಲಿಟ್ಟು, ದಿನಕ್ಕೊಬ್ಬರಂತೆ ಒಂದು ಮಗುವಿನ ಕೈಗೆ ಸಣ್ಣ ಚೊಂಬು ಕೊಡುವ ಪದ್ಧತಿ ಮಾಡಿದ್ದರು. ಆ ದಿನದ ಹುಡುಗಿ ಬಹಳ ಗಂಭೀರವಾಗಿ ಒಬ್ಬೊಬ್ಬರ ಕೈ ಮೇಲೆ ನೀರು ಹಾಕುತ್ತಿದ್ದಳು. ನೊರೆ ಸರಿಯಾಗಿ ಬಾರದವನನ್ನು ‘ಇನ್ನೂ ಉಜ್ಜು’ ಎಂದು ವಾಪಸು ಕಳಿಸಿದಳು. ಸಾಲಿನ ಕೊನೆಯಲ್ಲಿದ್ದವನು ‘ನಾಳೆ ನಂದು’ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ. ಚೊಂಬು ಹಿಡಿಯುವ ಆಸೆಗಾಗಿಯೇ ಅಲ್ಲಿನ ಮಕ್ಕಳು ಕೈ ತೊಳೆಯುವ ಹೊತ್ತಿಗೆ ಕಾಯುತ್ತಿದ್ದರು.

ನಲ್ಲಿಯೇ ಇಲ್ಲದ ಕಡೆಗೆ 1980ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ರೂಪುಗೊಂಡ ‘ಟಿಪ್ಪಿ ಟ್ಯಾಪ್’ ಇದೆ. ಎರಡು ಕವೆಗಳ ಮೇಲೆ ಅಡ್ಡಕೋಲು, ಅದಕ್ಕೆ ನೇತುಹಾಕಿದ ತೂತಿನ ಕ್ಯಾನು, ಕ್ಯಾನಿನ ಕತ್ತಿನಿಂದ ನೆಲದ ಕೋಲಿಗೆ ಹಗ್ಗ. ಕೋಲನ್ನು ಕಾಲಿನಿಂದ ಒತ್ತಿದರೆ ಕ್ಯಾನು ಬಾಗಿ ನೀರು ಸುರಿಯುತ್ತದೆ. ಪಕ್ಕದಲ್ಲಿ ಬಲೆಚೀಲದಲ್ಲಿ ಸೋಪು. ನೀರು ಸ್ವಲ್ಪವೇ ಸಾಕು, ಸೋಪು ಬಿಟ್ಟರೆ ಕೈಯಿಂದ ಏನನ್ನೂ ಮುಟ್ಟಬೇಕಿಲ್ಲ. ಕಾಲಿನಿಂದ ನೀರು ಬರಿಸುವುದು ಮಕ್ಕಳಿಗೆ ಸಡಗರದ ಕೆಲಸ.

ಆದರೆ ಅಂಗನವಾಡಿಯಲ್ಲಿ ಇದೆಲ್ಲ ಬಂದು ನಿಲ್ಲುವುದು ಒಬ್ಬ ಸಹಾಯಕಿಯ ಹತ್ತಿರ. ಅಡುಗೆ ಮಾಡುವವರೂ ಅವರೇ, ಪಾತ್ರೆ ತೊಳೆಯುವವರೂ ಅವರೇ, ಮಗು ‘ಆಯಮ್ಮ, ಬಂತು’ ಎಂದಾಗ ಕರೆದುಕೊಂಡು ಹೋಗಿ ತೊಳೆಸುವವರೂ ಅವರೇ. ಒಲೆಯ ಮೇಲೆ ಸಾಂಬಾರು ಕುದಿಯುತ್ತಿರುವಾಗ ಮೂರು ವರ್ಷದ ಮಗುವಿನ ಪಕ್ಕ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತು, ಅದು ತಾನೇ ಚಡ್ಡಿ ಇಳಿಸುವವರೆಗೆ, ತಾನೇ ನೀರು ಸುರಿಯುವವರೆಗೆ ಕಾಯುವುದು ಅವರಿಗೆ ಸಾಧ್ಯವಿಲ್ಲ. ಅವಸರದಲ್ಲಿ ಎತ್ತಿ ಕೂರಿಸಿ, ತೊಳೆದು, ಒರೆಸಿ ಕಳಿಸುತ್ತಾರೆ. ಆ ಐದು ನಿಮಿಷಕ್ಕಾಗಿ ಇನ್ನೊಬ್ಬ ಸಹಾಯಕಿಯ ಹುದ್ದೆ, ಮಕ್ಕಳ ಅಳತೆಯ ಶೌಚದ ಗುಂಡಿ, ಎರಡಡಿ ಎತ್ತರಕ್ಕೆ ಒಂದು ನಲ್ಲಿ, ತಿಂಗಳು ತಿಂಗಳು ತಪ್ಪದೆ ಬರುವ ಸೋಪು, ಇಷ್ಟನ್ನು ಪಂಚಾಯಿತಿಯ ಸಭೆಯಲ್ಲಿ ತಾಯಂದಿರು ಎದ್ದು ಕೇಳಬೇಕು.